ಮಾವನ ಕೆಮ್ಮು

ಗಂಜಿ ವಾಸನಿ ಬಂತಂದ್ರ ನನಗ ಸಿಟ್ಟು ಬರತೈತಿ. ಯಾಕಂತ ಮನ್ಯಾಗ ಯಾರಿಗೂ ತಿಳಿಯಂಗಿಲ್ಲ. ಈಗ ಬನಹಟ್ಟಿ ತುಂಬ ಪವರ್‌ಲೂಮ್ ಖಟಖಟ ಅಂತಾವು, ಗಂಜಿ ಹಚ್ಚಿದ ನೂಲು ತಯಾರಾಗಿ ಮನಿಗೆ ಬರತೈತಿ. ಆದರೂ ನಮ್ಮ ಓಣಿ ತುದ್ಯಾಗ ಒಂದ ಮನಿಯವರು ಇನ್ನೂ ಕೈಮಗ್ಗ ಬಿಟ್ಟಿಲ್ಲ. ಇವತ್ತ ಮುಂಜಾನೆ ಅವರು ಅಂಗಳದಾಗ ಹಂಡೆ ಇಟ್ಟು ಗಂಜಿ ಕುದಿಸಿ, ಓಣಿ ಉದ್ದಕ್ಕ ನೂಲು ಎಳದು ಕಟ್ಟಿ, ಕುಂಚದಲೆ ತಿಕ್ಕಾಕತ್ತಿದ್ರು. ನಾ ಬಾಗಲದಾಗ ಕುಂತು ಅವರಿಕಾಯಿ ಬಿಡಸಾಕತ್ತಿದ್ದೆ. ಆ ಹುಳಿಹುಳಿ ವಾಸನಿ ಬಂದು ಮೂಗಿಗೆ ಬಡೀತು. ಅದ ಹೊತ್ತಿಗೆ ನನ್ನ ಸಣ್ಣ ಮಗ ಮಹಾಂತೇಶ ಒಳಗಿಂದ ಬಂದು, ಚಪ್ಪಲಿ ಮೆಟಗೋತ, "ಯವ್ವಾ, ಸೋಮವಾರ ಹಿರ್ಯಾರು ಬರತಾರ. ಮನಿ ಪಾಲಾಗಿ ಬ್ಯಾರಿ ಆಗೂ ಮಾತು ಅಣ್ಣಾ ನಾನು ಆಡಿ ಮುಗಿಸೇವಿ. ಅಪ್ಪ ಅಣ್ಣನ ಕಡೆ ಇರತಾನ, ನೀ ನನ್ನ ಕಡೆ. ಛಲೋ ಆತಿಲ್ಲೋ?" ಅಂದ.

ಛಲೋ ಆತಂತ. ಮನ್ಯಾಗ ಎರಡು ಎತ್ತು ಅದಾವು, ಒಂದು ನನಗ, ಒಂದು ನಿನಗ, ಹಂಗ ಹೇಳಿದ. ಚಪ್ಪಲಿ ಮೆಟ್ಟೂದ್ರಾಗ ಮಾತು ಮುಗೀತು. ನನ್ನ ಮಾರಿ ಸುದ್ದಾ ನೋಡದ ಹೋದ. ನಲವತ್ತು ವರ್ಷದ ಹಿಂದ ಇದ ಮಾತು ನನ್ನ ಅತ್ತಿ ಮಾವನ ಬಗ್ಗೆ ಕೇಳಿದ್ದೆ, ಅದು ಎಲ್ಲಿಗೆ ಮುಟ್ಟಿತು ಅನ್ನೂದೂ ಕಣ್ಣಾರೆ ನೋಡಿದ್ದೆ. ಆ ವರ್ಷದ ಸಿಟ್ಟು ಇನ್ನೂ ಹೊಟ್ಟ್ಯಾಗ ಐತಿ. ಇವತ್ತ ಹೇಳತೀನಿ.

ನಾ ಗಲಗಲಿ ಹುಡುಗಿ. ಕನ್ನಡ ಸಾಲಿ ನಾಕನೇತ್ತದ ತನಕ ಕಲ್ತಾಕಿ. ಲಗ್ನ ಆಗಿ ರಬಕವಿಗೆ ಬಂದಾಗ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ನಾಕೈದು ವರ್ಷ ಆಗಿತ್ತು. ಕಚೇರಿಗಳ ಮ್ಯಾಲಿನ ಬೋರ್ಡು ಬದಲಾಗಿದ್ವು, ಮನಿ ಒಳಗಿಂದು ಏನೂ ಬದಲಾಗಿರಲಿಲ್ಲ. ನಮ್ಮ ಮನ್ಯಾಗ ಅತ್ತಿ ನೀಲವ್ವ, ಮಾವ ಮಲ್ಲಪ್ಪ, ಅವರ ದೊಡ್ಡ ಮಗ ಅಂದ್ರ ನಮ್ಮ ಭಾವ, ಭಾವನ ಹೆಂಡ್ತಿ ಚೆನ್ನಕ್ಕ, ಅವರ ಮಕ್ಕಳು, ಆಮ್ಯಾಲೆ ನಾವು ಗಂಡ ಹೆಂಡ್ತಿ. ನಡಮನ್ಯಾಗ ಸಾಲಾಗಿ ಕುಣಿಮಗ್ಗ, ಮನಿ ತುಂಬ ಇದ ಗಂಜಿ ವಾಸನಿ. ಗಂಡಸರು ಕುಣಿಯಾಗ ಕಾಲು ಇಳಿಬಿಟ್ಟು ಕುಂತು ನೇಯೂದು, ಹೆಂಗಸರು ರಾಟಿ ತಿರುವಿ ಕಂಡಿಕಿ ಸುತ್ತೂದು. ಕಂಡಿಕಿ ಅಂದ್ರ ಲಾಳಿಯೊಳಗ ಕೂಡಸೂ ನೂಲಿನ ಸುರುಳಿ. ಅದಿಲ್ಲಂದ್ರ ಮಗ್ಗ ಒಂದು ಬೆರಳೂ ಮುಂದ ಹೋಗಂಗಿಲ್ಲ. ಆದ್ರ ಈ ಸೀರಿ ಯಾರು ನೇದ್ರು ಅಂತ ಕೇಳ್ರಿ, ಗಂಡಸಿನ ಹೆಸರು ಹೇಳತಾರ. ಕಂಡಿಕಿ ಸುತ್ತಿದಾಕಿ ಏನ ಮಾಡತಾಳ ಅಂತ ಕೇಳ್ರಿ, ಮನ್ಯಾಗ ಇರತಾಳ ಅಂತಾರ.

ಆಗಿನ ರಿವಾಜು ಒಂದು ಹೇಳಬೇಕು. ಸೊಸಿ ಆದಾಕಿ ಮಾವನ ಮುಂದ ನಿಂದರಬಾರದು, ಬಾಯಿ ಬಿಡಬಾರದು. ಮಾವ ಬಂದ್ರು ಅಂದ್ರ ಸೆರಗು ಮಾರಿ ಮ್ಯಾಲೆ ಎಳಕೊಂಡು ಬಾಗಲ ಹಿಂದ ಸರೀಬೇಕು. ಮಾವಾನೂ ಸೊಸಿಗೆ ನೆಟ್ಟಗ ಏನೂ ಕೇಳಂಗಿಲ್ಲ, ಕೇಳಿದ್ರ ಹಗರ ಆಗತಾರ. ಹೆಂಡ್ತಿನ್ನ ಹೆಸರ ಹಿಡದು ಕರ್ಯಾಕ ಬರಂಗಿಲ್ಲ. ಮಕ್ಕಳ ಜೋಡಿ ಮಾತಂದ್ರ ನೂಲು, ಸೀರಿ, ಪ್ಯಾಟಿ, ಅಷ್ಟ. ಹಿಂಗಾಗಿ ನಮ್ಮ ಮಾವಗ ಉಳಿದದ್ದು ಕೆಮ್ಮೂದೊಂದ.

ನಗಬ್ಯಾಡ್ರಿ. ಮಾವ ಹೊರಗ ಕೆಮ್ಮಿದ್ರ ಒಳಗ ಅತ್ತಿಗೆ ಎಲ್ಲಾ ತಿಳೀತಿತ್ತು. ಗಂಟಲ ತುದೀಲೆ ಸಣ್ಣಗ ಕೆಮ್ಮಿದ್ರ ನೀರು ಬೇಕು. ಎದಿಯಿಂದ ಎಳದು ಕೆಮ್ಮಿದ್ರ ಬೆನ್ನು ಹಿಡದೈತಿ, ಎಣ್ಣಿ ಹಚ್ಚಬೇಕು. ತಾಟಿನ ಮುಂದ ಕುಂತು ಕೆಮ್ಮಿದ್ರ ರೊಟ್ಟಿ ಬಿರಸಾಗೇತಿ, ತಿನ್ನಾಕ ಬರವಲ್ತು. ಆಗ ಅತ್ತಿ ಬಿಸಿ ರೊಟ್ಟಿ ಮುರದು, ಬಳ್ಳೊಳ್ಳಿ ಜೀರಗಿ ಹಾಕಿ ಒಳ್ಳಾಗ ಕುಟ್ಟಿ, ತುಪ್ಪ ಹಚ್ಚಿ ಮುಟಗಿ ಕಟ್ಟಿ ಒಯ್ದು ಇಡತಿದ್ಲು. ಮಾವನ ದವಡಿ ಹಲ್ಲು ಅಷ್ಟೊತ್ತಿಗೆ ಎಲ್ಲಾ ಹೋಗಿದ್ವು. ಅದನ್ನ ಅತ್ತಿ ಬಿಟ್ರ ಮತ್ತೊಬ್ಬರಿಗೆ ಹೇಳೂ ಮನಶ್ಯಾ ಅಲ್ಲ.

ಸಂಜಿಮುಂದ ಮಾವ ಗುಡಿ ಕಟ್ಟಿ ಮ್ಯಾಲೆ ತಮ್ಮ ಸರಿ ವಯಸ್ಸಿನವರ ಜೋಡಿ ಕುಂಡ್ರತಿದ್ರು. ಹೊಳಿಗೆ ನೀರು ಎಷ್ಟು ಬಂತು, ಪುಣೆ ವ್ಯಾಪಾರಿ ಸೀರ್ಯಾಗ ಏನ ತಪ್ಪು ತಗದ, ಮುಂಬೈದಾಗ ಮೊರಾರ್ಜಿ ಸರಕಾರ ಏನ ಮಾಡಾಕತ್ತೈತಿ, ಎಲ್ಲಾ ಮಾತು ಅಲ್ಲಿ ಬರತಿದ್ವು. ಹಲ್ಲಿನ ಮಾತು, ಕಣ್ಣು ಮಂಜಾದ ಮಾತು, ಒಬ್ಬನ ಇದ್ರ ಅಂಜಿಕಿ ಬರತೈತಿ ಅನ್ನೂ ಮಾತು ಬರತಿರಲಿಲ್ಲ. ಅಂಥಾದ್ದನ್ನೆಲ್ಲಾ ಗಂಡಸರು ಕಟಗೊಂಡು ಮನಿಗೆ ತಂದು ಹೆಂಡ್ತಿ ಮುಂದ ಕೆಮ್ಮತಿದ್ರು.

ಯುಗಾದಿ ಮುಗದ ಮ್ಯಾಲೆ ಅಣ್ಣತಮ್ಮರಿಗೆ ಆಗಿಬರಲಿಲ್ಲ. ಯಾಕಂತ ಕೇಳಬ್ಯಾಡ್ರಿ, ಎಲ್ಲಾ ಮನ್ಯಾಗೂ ಇರೂ ಕಾರಣಾನ. ಬ್ಯಾರಿ ಆಗೂದಂತ ಆತು. ಬಿಸಲಂದ್ರ ಬಿಸಲು, ಪಡಸಾಲಿಗೆ ನೀರು ಚಿಮಕಿಸಿ ಜಮಖಾನಿ ಹಾಸಿದ್ವಿ. ಓಣಿ ಹಿರ್ಯಾರು ಬಂದು ಕುಂತ್ರು. ಅವರಾಗ ಚನಬಸಪ್ಪಜ್ಜ ಅಂತ ಮುಖ್ಯ, ಆತ ಹೇಳಿದ್ದ ಕಡೀ ಮಾತು. ಗಂಡಸರು ಜಮಖಾನಿ ಮ್ಯಾಲೆ, ಹೆಂಗಸರು ನಾವು ಅಡಗಿಮನಿ ಬಾಗಲ ಹಿಂದ. ರಬಕವಿ ಮನಿ ಭಾವಗ ಬಂತು, ಬನಹಟ್ಟ್ಯಾಗಿದ್ದ ಸಣ್ಣ ಮನಿ ನಮಗ ಬಂತು. ಮಗ್ಗ ಹಂಚಿದ್ರು, ಹಂಡೆ ಕೊಡ ಹಂಚಿದ್ರು. ಬೀಸೂಕಲ್ಲು ಒಂದ ಇತ್ತು. ಅದು ಯಾರಿಗೆ ಹೋಗಬೇಕು ಅನ್ನೂದಕ್ಕ ಬಾಳ ಹೊತ್ತು ವಾದ ಆತು. ಅತ್ತಿ ಮಾವ ಯಾರ ಕಡೆ ಅನ್ನೂದು ಚಾ ಕುದ್ದು ಬರೂದ್ರಾಗ ಮುಗದಿತ್ತು.

"ಮಲ್ಲಪ್ಪ ದೊಡ್ಡಾಂವನ ಕಡೆ ಇರಲಿ, ನೀಲವ್ವ ಸಣ್ಣಾಂವನ ಕಡೆ ಹೋಗಲಿ. ಒಬ್ಬಬ್ಬರನ್ನ ಒಬ್ಬಬ್ಬರು ನೋಡಿಕೊಂಡ್ರ ಯಾರಿಗೂ ಭಾರ ಆಗಂಗಿಲ್ಲ," ಅಂದ ಚನಬಸಪ್ಪಜ್ಜ.

ಭಾವ ಅಲ್ಲೇ ತಕರಾರ ತಗದ. "ಅದ್ಹ್ಯಾಂಗ್ರಿ ಅಜ್ಜಾರ? ದುಡಿಯಾಕಿನ್ನ ಅವಂಗ ಕೊಟ್ರಿ, ಕುಂತ ಉಣ್ಣಾಂವನ್ನ ನನಗ ಹಾಕಿದ್ರಿ."

"ಹಂಗಾದ್ರ ಮುದುಕನ ಮಗ್ಗಾನೂ ನೀನ ಇಟಗೋ. ಆತಿಲ್ಲೋ?"

"ಹಂಗಂದ್ರ ನಡೀತೈತ್ರಿ."

ನಡೀತಂತ. ಹೆತ್ತ ಅಪ್ಪನ ತೂಕಕ್ಕ ಒಂದು ಮಗ್ಗ ಇಟ್ಟ ಮ್ಯಾಲೆ ತಕ್ಕಡಿ ಸಮ ಆತು. ಖರೆ ಹೇಳಬೇಕಂದ್ರ ಅಲ್ಲಿ ಕುಂತವರ‍್ಯಾರೂ ಕೆಟ್ಟ ಮಂದಿ ಅಲ್ಲ. ಹಸದು ಬಂದವರಿಗೆ ಅನ್ನ ಹಾಕೂ ಮಂದಿ, ಗುಡಿಗೆ ಬಾವಿಗೆ ದುಡಿಯೂ ಮಂದಿ. ಅದಕ್ಕ ನನಗ ಇನ್ನೂ ಹೆಚ್ಚ ಸಿಟ್ಟು ಬರತೈತಿ. ಕೆಟ್ಟವರು ಮಾಡಿದ್ರ ಕೆಟ್ಟವರು ಅಂತ ಬೈದು ಸುಮ್ಮನಾಗತಿದ್ದೆ.

ಮಾವ ಜಮಖಾನಿ ಅಂಚಿಗೆ ಕುಂತಿದ್ರು. ಆ ಮಾತು ಮುಗದ ಮ್ಯಾಲೆ ಒಮ್ಮೆ ಕೆಮ್ಮಿದ್ರು. ಅತ್ತಿ ಬಾಗಲ ಹಿಂದಿಂದ ಎದ್ದು, ತಂಬಗಿಗೆ ನೀರು ತುಂಬಿ, ಸೆರಗು ಎಳಕೊಂಡು ಅಷ್ಟೂ ಗಂಡಸರ ಕಣ್ಣ ಮುಂದ, ಜಮಖಾನಿ ತುಳೀದ ಅಂಚಿಗೆ ಹೋಗಿ ಮಾವನ ಮುಂದ ಇಟ್ಟು ಬಂದ್ಲು. ಮಾವ ಅದನ್ನ ಮುಟ್ಟಲಿಲ್ಲ. ಆಮ್ಯಾಲೆ ನಾ ಅತ್ತಿನ್ನ ಮೆಲ್ಲಕ ಕೇಳಿದೆ, "ಅದ್ಯಾವ ಕೆಮ್ಮರಿ ಅತ್ತಿ?"

"ನನಗೂ ಹೊಸಾದಬೇ," ಅಂದ್ಲು.

ರಬಕವಿಗೂ ಬನಹಟ್ಟಿಗೂ ನಡು ಏನ ದೂರ? ಸೊಪ್ಪು ಮಾರಾಕಿ ತಲಿ ಮ್ಯಾಲೆ ಬುಟ್ಟಿ ಹೊತಗೊಂಡು ಎರಡೂ ಊರು ತಿರಗಿ ಮಧ್ಯಾಹ್ನ ಊಟಕ್ಕ ಮನಿಗೆ ಮುಟ್ಟತಿದ್ಲು. ಆದ್ರ ವಯಸ್ಸಾದ ಹೆಂಗಸು ಗಂಡನ್ನ ನೋಡಾಕ ಅಂತ ಆ ದಾರಿ ಹಿಡದ್ರ ಮಂದಿ ನಗತಾರ. ಮಗನ್ನ ನೋಡಾಕ ಹೋಗಬಹುದು, ಮೊಮ್ಮಕ್ಕಳ್ನ ನೋಡಾಕ ಹೋಗಬಹುದು. ಗಂಡನ್ನ ನೋಡಾಕ ಅಂದ್ರ ಎಲ್ಲಾರೂ ಬಾಯಿಗೆ ಸೆರಗು ಹಿಡಿಯಾವ್ರು. ಮಗನ ಹೆಸರು ಹೇಳಿದ್ರೂ ಮಂದಿ ತಿಳಕೋತಾರ ಅಂತ ಅಂಜಿ ಅತ್ತಿ ಆ ಬ್ಯಾಸಗಿ ಎಲ್ಲಾ ಹೋಗಲಿಲ್ಲ.

ಬನಹಟ್ಟ್ಯಾಗ ಆಕಿನ್ನ ನಮ್ಮವರು ಬಂದ ದಿನಾನ ರಾಟಿಗೆ ಕುಂದರಿಸಿದ್ರು. ನಮ್ಮವರು ಅಂದ್ರ ನನ್ನ ಗಂಡ. ಅವ್ವ ನನ್ನ ಪಾಲಿಗೆ ಬಂದ್ಲು ಅಂತ ಓಣಿ ತುಂಬ ಹೆಮ್ಮೀಲೆ ಹೇಳಿಕೊಂತ ತಿರಗಿದ್ರು. ಹೊತ್ತು ಏಳೂದ್ರಿಂದ ಹೊತ್ತು ಮುಳುಗೂತನಕ ಅತ್ತಿ ಕಂಡಿಕಿ ಸುತ್ತತಿದ್ಲು. ಹಂಗಿದ್ರೂ ಆಕಿಗೆ ಮಂದಿ ಸಿಕ್ಕರು. ಆಜೂಬಾಜೂ ಹೆಂಗಸರು ತಮ್ಮ ತಮ್ಮ ರಾಟಿ ಹೊತಗೊಂಡು ನಮ್ಮ ಬೇವಿನ ಗಿಡದ ನೆಳ್ಳಿಗೆ ಬಂದು ಕುಂಡ್ರಾಕತ್ತಿದ್ರು. ಒಬ್ಬಾಕಿ ಕಾಲು ಒತ್ತತಿದ್ಲು, ಒಬ್ಬಾಕಿ ಮಜ್ಜಿಗಿ ತರತಿದ್ಲು. ಮೊಣಕಾಲ ನೋವು, ಮಗನ ಮಾತು, ಸೊಸಿ ಸಿಡುಕು, ಎಲ್ಲಾ ರಾಟಿ ಮುಂದ ಬಿಚ್ಚತಿದ್ರು, ಅಳತಿದ್ರು, ನಗತಿದ್ರು. ಪಂಚಮಿಗೆ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿ ಅತ್ತಿನ್ನ ಎಳದು ಕುಂದರಿಸಿದ್ರು. ಬಳಿಗಾರ ಬಂದ, ಎರಡೂ ಕೈತುಂಬ ಹಸರ ಬಳಿ ಇಡಿಸಿಕೊಂಡ್ಲು. "ಗಂಡನ ಮನಿ ಒಂದ ಕಡೆ, ನಾ ಒಂದ ಕಡೆ, ಮುತ್ತೈದಿತನ ಮಾತ್ರ ಕೈಯಾಗೈತಿ ನೋಡ್ರಿ," ಅಂತ ಕೈ ಅಲಗಿಸಿ ನಗಿಸಿದ್ಲು.

ನಾ ಮಾತ್ರ ಒಂದು ನೋಡಿದ್ದೆ. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಆಕಿ ರಾಟಿ ತಾನ ನಿಂದರತಿತ್ತು. ಯಾರೋ ಕರದಂಗ ಬಾಗಲ ಕಡೆ ಕಿವಿ ಕೊಡತಿದ್ಲು, ಮತ್ತ ತಿರುವಾಕ ಹತ್ತತಿದ್ಲು. ಇಪ್ಪತ್ತು ಹೆಂಗಸರ ನಡು ಕುಂತಾಕಿ ಹಂಗ ಮಾಡತಿದ್ಲು ಅಂದ್ರ, ಆ ಕಡೆ ಒಬ್ಬನ ಕುಂತ ಮನಶ್ಯಾನ ಗತಿ ಏನಾಗಿರಬೇಕು. ಇದನ್ನ ಆ ಹಿರ್ಯಾರು ಯಾರರೆ ಯೋಚನಿ ಮಾಡಿದ್ರೇನು? ಇಲ್ಲ. ಬೀಸೂಕಲ್ಲಿನ ಯೋಚನಿ ಮಾಡಿದ್ರು.

ಭಾದ್ರಪದದ ಜಡಿಮಳಿ ಹಿಡದಿತ್ತು. ಸೊಪ್ಪು ಮಾರಾಕಿ ಮೈ ತೊಯಿಸಿಕೊಂಡು ಬಂದು ನಮ್ಮ ಬಾಗಲದಾಗ ಬುಟ್ಟಿ ಇಳಿಸಿ, "ನೀಲವ್ವಾ, ನಿಮ್ಮ ಯಜಮಾನರಿಗೆ ಕೆಮ್ಮು ಬಾಳ ಆಗೇತಂತ. ಕಷಾಯ ಕುಡಿಸಿ ಕುಡಿಸಿ ಸೋತು, ಕ್ಷಯಾನ ಇರಬೇಕಂತ ದನದ ಕೊಟ್ಟಿಗ್ಯಾಗ ಹಾಸಿಗಿ ಹಾಕ್ಯಾರ. ತಾಟು, ತಂಬಗಿ ಎಲ್ಲಾ ಬ್ಯಾರೆ. ಕಟ್ಟಿ ಮ್ಯಾಲಿನ ಮುದುಕರೂ ಆ ಕಡೆ ಹಾಯವಲ್ಲರು," ಅಂದ್ಲು.

ಅತ್ತಿ ಕೈಯಾಗಿನ ನೂಲು ಕಡೀತು. "ಅವರಿಗೆ ಯಾವ ಕೆಮ್ಮೂ ಇಲ್ಲಬೇ," ಅಂದ್ಲು. "ನನ್ನ ಕರ್ಯಾಕತ್ತಾರ."

ರಾಟಿ ಅಲ್ಲೇ ಬಿಟ್ಟು ಎದ್ದಳು. ತಲಿ ಮ್ಯಾಲೆ ಗೋಣಿಚೀಲದ ಕೊಪ್ಪಿ ಹಾಕ್ಕೊಂಡು ಹೊಂಟಳು, ಹಿಂದ ನಾನೂ ಹೊಂಟೆ. ಎರಿ ಮಣ್ಣು ಕಾಲಿಗೆ ಹತ್ತಿ ಹತ್ತಿ ಹೆಜ್ಜಿ ಕೀಳಾಕ ಆಗವಲ್ತು. ಆಕಿ ಒಂದ ಕಡೆಯೂ ನಿಂದರಲಿಲ್ಲ.

ಕೊಟ್ಟಿಗ್ಯಾಗ ಎಮ್ಮಿ ಮಗ್ಗಲಿಗೆ ಚಾಪಿ ಹಾಸಿ ಮಾವನ್ನ ಇಟ್ಟಿದ್ರು. ಮೈಯಾಗ ಎಲುಬು ಅಷ್ಟ ಉಳಿದಿದ್ವು. ಮುಂದ ತಾಟಿನಾಗ ಬಿರಸು ರೊಟ್ಟಿ ಹಂಗ ಇತ್ತು, ಒಂದು ತುದಿ ನೀರಾಗ ನೆನಸಿ ಚೀಪಿದ್ರು. ಅತ್ತಿನ್ನ ನೋಡಿ ಗಂಟಲ ತುದೀಲೆ ಸಣ್ಣಗ ಕೆಮ್ಮಿದ್ರು. ಅತ್ತಿ ನೀರು ಕೊಟ್ಲು. ತಂಬಗಿ ಮುಗಿಯೂತನಕ ಕುಡದ್ರು. ಆಕಿ ಅಡಗಿಮನಿಗೆ ಹೋಗಿ, ಯಾರನ್ನೂ ಕೇಳದ, ಬಿಸಿ ರೊಟ್ಟಿ ಬಡದು ಮುಟಗಿ ಕುಟ್ಟಿ ತಂದ್ಲು. ಮಾವ ಸಾವಕಾಶ ಪೂರಾ ಉಂಡ್ರು. ಬೆನ್ನಿಗೆ ಎಣ್ಣಿ ಹಚ್ಚಿದ್ಲು. ಮುಂದ ಸಂಜಿತನಕ ಆ ಕೊಟ್ಟಿಗ್ಯಾಗ ಎಮ್ಮಿ ಮೆಲಕು ಹಾಕೂದು ಬಿಟ್ರ ಒಂದು ಸಪ್ಪಳ ಇರಲಿಲ್ಲ. ಕ್ಷಯ ಅಂತ ಕ್ಷಯ. ಇವರ ಬಾಯಾಗ ಮಣ್ಣು ಬೀಳಲಿ.

ಚೆನ್ನಕ್ಕ ಬಾಗಲ ಹಿಂದ ನಿಂತು ಅಳಾಕತ್ತಿದ್ಲು. ಆಕಿನ್ನ ಬೈಯಬೇಕಂತ ಹೋದಾಕಿ ನಾನು, ಬೈಯಾಕ ಆಗಲಿಲ್ಲ. "ನಾ ಹ್ಯಾಂಗ ಕೇಳಲಿ ಅತ್ತಿ? ಅವರು ಕೆಮ್ಮಿದ್ರು, ಶುಂಠಿ ಕಷಾಯ ಕೊಟ್ಟೆ. ಮತ್ತ ಕೆಮ್ಮಿದ್ರು, ಮತ್ತ ಕೊಟ್ಟೆ. ಬ್ಯಾಡ ಅನ್ನಾಕ ಅವರಿಗೆ ಬಾಯಿಲ್ಲ, ಏನ ಬೇಕು ಅನ್ನಾಕ ನನಗ ಬಾಯಿಲ್ಲ," ಅಂದ್ಲು. ಅತ್ತಿ ಆಕಿನ್ನ ಒಲಿ ಮುಂದ ಕುಂದರಿಸಿಕೊಂಡು ಒಂದೊಂದ ಕೆಮ್ಮು ತಾನ ಕೆಮ್ಮಿ ತೋರಿಸಿ ಹೇಳಿಕೊಟ್ಟಳು. ಇದು ನೀರಿಗೆ, ಇದು ಬೆನ್ನಿಗೆ, ಇದು ರೊಟ್ಟಿಗೆ. ಚೆನ್ನಕ್ಕ ಕಣ್ಣು ಒರಸಿಕೊಂತ ಸಾಲಿ ಹುಡುಗಿ ಹಂಗ ಕೇಳಿದ್ಲು.

ದೀಪ ಹಚ್ಚೂ ಹೊತ್ತಿಗೆ ಭಾವ ಪ್ಯಾಟಿಯಿಂದ ಬಂದ. ಅಂಗಳದಾಗ ಆಜೂಬಾಜೂದವರು ನಿಂತು ನಗಾಕತ್ತ್ಯಾರ, ಮುದುಕಿ ಮಳ್ಯಾಗ ಓಡಿ ಬಂದ್ಲಂತ ಗಂಡನ ಹಂಬಲಕ್ಕ ಅಂತ. ಭಾವನ ಮಾರಿ ಕೆಂಪಾತು. "ಯವ್ವಾ, ನೋಡಿದೆಲ್ಲಾ, ಇನ್ನ ಹೊಂಡು. ಮಂದಿ ಏನಂತಾರ ಅನ್ನೂ ಖಬರ ಐತೇನು ನಿನಗ?"

"ಮಂದಿ ಅನ್ನಲಿ. ನಾ ಇಲ್ಲೇ ಇರತೀನಿ. ಈ ಕೊಟ್ಟಿಗ್ಯಾಗರೆ ಇರತೀನಿ. ಅದು ಆಗಂಗಿಲ್ಲಂದ್ರ ಅವರನ್ನ ನನ್ನ ಕೂಡ ಕಳಸು. ಎರಡರಾಗ ಒಂದು ಮಾಡು," ಅಂದ್ಲು ಅತ್ತಿ.

ಇಷ್ಟ ಆಕಿ ಕೇಳಿದ್ದು. ಬಂಗಾರ ಕೇಳಲಿಲ್ಲ, ಮನಿ ಕೇಳಲಿಲ್ಲ. ತನ್ನ ಗಂಡ ಉಣ್ಣೂ ಹೊತ್ತಿಗೆ ಅವನ ಮುಂದ ಇರಬೇಕು ಅಂದ್ಲು. ಇದಕ್ಕ ಮತ್ತ ಹಿರ್ಯಾರನ್ನ ಕರಸಿದ್ರು, ಬನಹಟ್ಟಿಯಿಂದ ನಮ್ಮವರನ್ನೂ ಕರಸಿದ್ರು, ಮತ್ತ ಅದ ಜಮಖಾನಿ ಬಿತ್ತು.

ಭಾವ ಹೇಳಿದ, ಇಬ್ಬರೂ ನನ್ನ ಕಡೆ ಇದ್ರ ಉಣ್ಣಾವ್ರು ಇಬ್ಬರಾದ್ರು, ಅದು ನ್ಯಾಯ ಅಲ್ಲ. ಇಬ್ಬರನ್ನೂ ತಮ್ಮ ಒಯ್ದ್ರ ಅಪ್ಪನ ಮಗ್ಗ ಕೇಳತಾನ, ಅದನ್ನ ನಾ ಕೊಡಂಗಿಲ್ಲ. ನನ್ನ ಗಂಡ ಏನಂದ? ಹೇಳಾಕ ನನಗ ನಾಚಿಕಿ ಬರತೈತಿ. "ಅವ್ವ ಇಲ್ಲಿಗೆ ಬಂದ್ರ ನನಗ ಕಂಡಿಕಿ ಸುತ್ತಾವ್ರು ಯಾರು?" ಅಂದ. ನಾ ಬಾಗಲ ಹಿಂದ ನಿಂತು ಸೆರಗು ಹಲ್ಲಾಗ ಹಿಡದಿದ್ದೆ.

ಚನಬಸಪ್ಪಜ್ಜ ಎಲಿ ಅಡಕಿ ಮೆಲಕೋತ, "ಅಲ್ಲಾ, ಈ ವಯಸ್ಸಿನ್ಯಾಗ ಗಂಡ ಹೆಂಡ್ತಿ ಕೂಡಿ ಇದ್ದು ಏನ ಮಾಡೂದೈತ್ರಿ?" ಅಂದ. ಕುಂತವರೆಲ್ಲಾ ನಕ್ಕರು. ಭಾವನೂ ನಕ್ಕ, ನಮ್ಮವರೂ ನಕ್ಕರು. ಆ ನಗಿ ನನ್ನ ಕಿವ್ಯಾಗ ಇನ್ನೂ ಐತಿ. ಏನ ಮಾಡೂದೈತಂತ. ರೊಟ್ಟಿ ಕುಟ್ಟಿ ಕೊಡೂದೈತಿ, ಬೆನ್ನಿಗೆ ಎಣ್ಣಿ ಹಚ್ಚೂದೈತಿ, ಹೂಂ ಅನ್ನೂದೈತಿ. ನಿನ್ನ ಹೆಂಡ್ತಿ ದಿನಾ ನಿನಗ ಮಾಡೂದು ಅದನ್ನ, ಅಜ್ಜಾ. ನಿನಗ ಅದು ಸಿಗಾಕತ್ತೈತಿ, ಅದಕ್ಕ ಅದು ಕಣ್ಣಿಗೆ ಕಾಣವಲ್ತು.

ಆಮ್ಯಾಲೆ ಮಾವನ್ನ ಕೇಳಿದ್ರು. ಅತ್ತಿನ್ನ ಯಾರೂ ಕೇಳಲಿಲ್ಲ, ಮಾವನ್ನ ಕೇಳಿದ್ರು. "ಮಲ್ಲಪ್ಪಾ, ನೀ ಏನಂತಿ?"

ಎಷ್ಟೋ ತಿಂಗಳ ಮ್ಯಾಲೆ ಆ ಮನಶ್ಯಾಗ ಒಬ್ಬರು ಬಾಯಿ ಬಿಟ್ಟು ಕೇಳಿದ್ರು. ಅತ್ತಿ ಬಾಗಲ ಸಂದಿಗೆ ಬಂದು ನಿಂತಳು. ಮಾವ ಜಮಖಾನಿ ಅಂಚು ಬೆರಳಿನಾಗ ಹಿಡದು ತಿಕ್ಕಿದ್ರು, ತಲಿ ಬಗ್ಗಿಸಿದ್ರು. ಗಂಡಸು ನಾಕ ಮಂದ್ಯಾಗ ಕುಂತು ನನಗ ನನ್ನ ಹೆಂಡ್ತಿ ಬೇಕು ಅಂತ ಹ್ಯಾಂಗ ಅನಬೇಕು? ಅದನ್ನ ಅವರಿಗೆ ಯಾರೂ ಕಲಿಸಿರಲಿಲ್ಲ. "ಹಿರ್ಯಾರು ಹೇಳಿದಂಗ," ಅಂದ್ರು.

ಅಲ್ಲಿಗೆ ಮುಗೀತು. ಹಿರ್ಯಾರು ಎದ್ದು ಹೋದ ಮ್ಯಾಲೆ ಭಾವ ಅಪ್ಪಗ, "ಇನ್ನ ಮುಂದ ಕೆಮ್ಮಿ ಕೆಮ್ಮಿ ಮನಿ ಮರ್ಯಾದಿ ಕಳೀಬ್ಯಾಡಪಾ," ಅಂದ. ಕೊಟ್ಟಿಗಿಯಿಂದ ಹಾಸಿಗಿ ಪಡಸಾಲಿಗೆ ತಂದ್ರು, ಅಷ್ಟ ಉಪಕಾರ ಆತು. ನಮ್ಮವರು ಅತ್ತಿನ್ನ ಕರಕೊಂಡು ಬನಹಟ್ಟಿಗೆ ಬಂದು ನೂಲು ಮೊದಲಿಗಿಂತ ಹೆಚ್ಚ ತಂದು ಹಾಕಿದ್ರು, ಹೊರಗ ಹೋಗಾಕ ಪುರಸೊತ್ತ ಇರಬಾರದು ಅಂತ.

ಅತ್ತಿ ದಿನಾ ಮುಂಜಾನೆ ಮುಟಗಿ ಕಟ್ಟಿ ಅರಬ್ಯಾಗ ಸುತ್ತಿ ಸೊಪ್ಪು ಮಾರಾಕಿ ಕೈಯಾಗ ಕೊಡತಿದ್ಲು. ಅದು ಎರಡು ಊರು ತಿರಗಿ ಮುಟ್ಟೂದ್ರಾಗ ತಣ್ಣಗಾಗಿ ಮತ್ತ ಬಿರಸ ಆಗತಿತ್ತು. ಚೆನ್ನಕ್ಕ ಆ ಕಡೆ ಬಾಗಲ ಹಿಂದ ಕಿವಿ ಕೊಟ್ಟು ಕುಂಡ್ರತಿದ್ಲಂತ, ಮಾವ ಈಗ ಕೆಮ್ಮತಾರ, ಆಗ ಕೆಮ್ಮತಾರ ಅಂತ. ಕಲ್ತ ಪಾಠ ಒಪ್ಪಿಸಾಕ ಕಾಯಾಕಿ ಹಂಗ. ಆದ್ರ ಮಾವ ಕೆಮ್ಮೂದ ಬಿಟ್ಟಿದ್ರು. ಮಗ ಅಂದ ಮಾತು ನಟ್ಟಿತ್ತು. ಬಾಯಾರಿದ್ರೂ ಇಲ್ಲ, ಬೆನ್ನು ಹಿಡದ್ರೂ ಇಲ್ಲ, ತಾಟಿನ ಮುಂದ ಕುಂತ್ರೂ ಇಲ್ಲ. ಭಾವ ಎಲ್ಲಾರ ಮುಂದ ಹೇಳಿಕೊಂಡ, ಅಪ್ಪನ ಕೆಮ್ಮು ಪೂರಾ ವಾಸಿ ಆತು, ಆ ಕಷಾಯ ಛಲೋ ಹತ್ತಿತು ಅಂತ.

ಸೊಪ್ಪು ಮಾರಾಕಿ ಈ ಸುದ್ದಿ ತಂದ ದಿನ ಅತ್ತಿ ಊಟ ಮಾಡಲಿಲ್ಲ. "ಬಿಟ್ರು ಅಂದ್ರ ಬಿಟ್ರು ನೋಡಬೇ," ಅಂದ್ಲು, ಮತ್ತ ರಾಟಿ ತಿರುವಿದ್ಲು.

ಸಂಕ್ರಾಂತಿ ಆಗಿ ಇನ್ನೂ ಥಂಡಿ ಹೋಗಿರಲಿಲ್ಲ. ಒಂದಿನ ಮುಂಜಾನೆ ನಮ್ಮ ಬಾಗಲ ಮುಂದ ರಬಕವಿಯಿಂದ ಚಕ್ಕಡಿ ಬಂದು ನಿಂತು, ಮಾವ ಹೋದ್ರು ಅಂತ ಹೇಳಿದ್ರು. ಚಕ್ಕಡಿಗೆ ಹುಲ್ಲು ಹಾಸಿ, ಮ್ಯಾಲೆ ಕೌದಿ ಹಾಸಿ ಕಳಿಸಿದ್ರು, ಅತ್ತಿಗೆ ಕುಂಡ್ರಾಕ ಮೆತ್ತಗಿರಲಿ ಅಂತ. ಬದುಕಿದ್ದಾಗ ಮಳ್ಯಾಗ ಕೆಸರಾಗ ನಡಕೊಂತ ಹೋದಾಕಿನ್ನ ಹೊರಗ ಹಾಕಿದವರು, ಈಗ ಎತ್ತು ಹೂಡಿ ಕಳಿಸ್ಯಾರ. ಯಾಕ? ಹೆಣ ಎತ್ತೂಮುಂದ ಹೆಂಡ್ತಿ ಬೇಕು. ಬಳಿ ಒಡಿಯಾಕ, ಕುಂಕಮ ಒರಸಾಕ ಒಂದು ಹೆಂಡ್ತಿ ಬೇಕ ಬೇಕು. ಅತ್ತಿ ಚಕ್ಕಡಿ ಹತ್ತಲಿಲ್ಲ. ಆ ದಾರಿ ನಡದ ಹೋದ್ಲು. ಚಕ್ಕಡಿ ಖಾಲಿ ನಮ್ಮ ಹಿಂದ ಬಂತು.

ಮಾವನ್ನ ಪಡಸಾಲಿ ಗ್ವಾಡಿಗೆ ಆನಿಸಿ ಕುಂದರಿಸಿ ಈಬತ್ತಿ ಹಚ್ಚಿದ್ರು. ಅಂಗಳದಾಗ ಜಮಖಾನಿ ಹಾಸಿ ಗಂಡಸರು ಕುಂತಿದ್ರು, ನಡು ಚನಬಸಪ್ಪಜ್ಜ. ಅತ್ತಿ ಮಾವನ ಮಗ್ಗಲಿಗೆ ಕುಂತು ಬಾಳ ಹೊತ್ತು ಮಾರಿ ನೋಡಿದ್ಲು. ಅಳಲಿಲ್ಲ. ಓಣಿ ಹಿರೇ ಹೆಂಗಸು ಒಬ್ಬಾಕಿ ಕಲ್ಲು ತಗೊಂಡು ಬಂದು, "ನೀಲವ್ವಾ, ಕೈ ಮುಂದ ಮಾಡು," ಅಂದ್ಲು.

"ನೀವು ಒಡೀಬ್ಯಾಡ್ರಿ," ಅಂದ್ಲು ಅತ್ತಿ.

ತಾನ ಒಂದೊಂದ ಬಳಿ ಸಾವಕಾಶ ತಗದ್ಲು. ಪಂಚಮಿಗೆ ಇಡಿಸಿಕೊಂಡಿದ್ದ ಹಸರ ಬಳಿ. ಕೈ ಸೊರಗಿದ್ವು, ಒಂದೂ ಒಡೀಲಾರದಂಗ ಹೊರಗ ಬಂದುವು. ಅವನ್ನ ಸೆರಗಿನ್ಯಾಗ ಹಾಕ್ಕೊಂಡು ಎದ್ದು, ಹೊಸ್ತಲ ದಾಟಿ ಅಂಗಳಕ್ಕ ಬಂದ್ಲು. ಜೀವಮಾನದಾಗ ಆಕಿ ಒಮ್ಮೆಯೂ ತುಳೀದಿದ್ದ ಜಮಖಾನಿ ತುಳದು ನಡು ಹೋಗಿ, ಚನಬಸಪ್ಪಜ್ಜನ ಮುಂದ ಕುಂತು ಬಳಿ ಸುರವಿದ್ಲು. ಸೆರಗು ತಲಿ ಮ್ಯಾಲಿಂದ ಜಾರಿತ್ತು, ಅದನ್ನ ಎಳಕೊಳ್ಳಲಿಲ್ಲ.

"ಹಿರ್ಯಾರ, ಇವೂ ಮಲ್ಲಪ್ಪನ ಆಸ್ತೀನ. ದೊಡ್ಡಾಂವಗೆಷ್ಟು, ಸಣ್ಣಾಂವಗೆಷ್ಟು, ಇವನ್ನೂ ಪಾಲು ಮಾಡ್ರಿ."

ಚನಬಸಪ್ಪಜ್ಜ ಬಾಯಿ ತಗದ. ಒಮ್ಮೆ ಕೆಮ್ಮಿದ. ಆತನ ಹೆಂಡ್ತಿ ಹೆಂಗಸರ ನಡು ಕುಂತಿದ್ಲು. ಗಂಡನ ಕೆಮ್ಮು ಕೇಳಿದಾಕಿ, ತಂಬಗಿ ಅಲ್ಲೇ ಮಗ್ಗಲಿಗಿದ್ರೂ ಏಳಲಿಲ್ಲ. ಅದನ್ನ ನಾ ನೋಡಿದೆ.

ಅತ್ತಿ ಆಮ್ಯಾಲೆ ಬಾಳ ವರ್ಷ ನನ್ನ ಜೋಡಿನ ಇದ್ಲು. ರಾಟಿ ಮಾತ್ರ ಮುಟ್ಟಲಿಲ್ಲ. ನಮ್ಮವರು ಒಂದು ಮಾತು ಕೇಳೂ ಧೈರ್ಯ ಮಾಡಲಿಲ್ಲ, ಕಂಡಿಕಿ ನಾನ ಸುತ್ತಿದೆ. ಬೇವಿನ ಗಿಡದ ಕೆಳಗ ಹೆಂಗಸರು ಬರೂದು ತಪ್ಪಲಿಲ್ಲ. ಆಕಿ ಅವರ ತೊಡಿ ಮ್ಯಾಲೆ ತಲಿ ಇಟ್ಟ ಒಂದಿನ ಸತ್ಲು. ಅದು ನನಗ ಸಮಾಧಾನ. ಮಾವನ್ನ ನೆನಸಿಕೊಂಡ್ರ ಇನ್ನೂ ಇಲ್ಲ.

ಇವತ್ತ ಅವರಿಕಾಯಿ ಅಲ್ಲೇ ಬಿಟ್ಟು ಎದ್ದು, ಒಳಗ ಪಡಸಾಲ್ಯಾಗ ಕುಂತಿದ್ದ ನಮ್ಮವರ ಮುಂದ ಹೋಗಿ ನಿಂತೆ. ಅವರಿಗೂ ಈಗ ಹಲ್ಲಿಲ್ಲ, ಕಣ್ಣು ಮಂಜು. "ಮಕ್ಕಳು ಹಿಂಗಂತಾರ. ನೀವೇನಂತೀರಿ?" ಅಂತ ಕೇಳಿದೆ. ಅಪ್ಪನಂಗ ತಲಿ ಬಗ್ಗಿಸಿ ಕೌದಿ ಅಂಚು ತಿಕ್ಕಿದ್ರು. "ಹಿರ್ಯಾರು ಹೇಳಿದಂಗ," ಅಂದ್ರು. ನಾ ಹೊರಗ ಬಂದ ಮ್ಯಾಲೆ ಒಳಗಿಂದ ಸಣ್ಣಗ ಕೆಮ್ಮಿದ್ದು ಕೇಳಿಸ್ತು. ನೀರು ಒಯ್ದು ಕೊಟ್ಟೆ. ಸಿಟ್ಟು ಇದ್ರೂ ಕೊಟ್ಟೆ.

ಮಧ್ಯಾಹ್ನ ಓಣ್ಯಾಗ ಬಳಿಗಾರ ಬಂದ. ಕರದು ಎರಡೂ ಕೈತುಂಬ ಹಸರ ಬಳಿ ಇಡಿಸಿಕೊಂಡೆ. ಹಬ್ಬ ಇಲ್ಲ, ಏನಿಲ್ಲ, ಈಗ್ಯಾಕ್ರಿ ಅತ್ತಿ ಅಂತ ಸೊಸಿ ಕೇಳಿದ್ಲು. ಸೋಮವಾರ ಹಿರ್ಯಾರು ಬರತಾರಲ್ಲ ಅಂದೆ. ಜಮಖಾನಿ ನಾನ ಹಾಸತೀನಿ, ಅದರ ನಡು ನಾನ ಮೊದಲ ಕುಂಡ್ರತೀನಿ. ಗಂಡ ಜೀವಂತ ಕುಂತಿರೂಮುಂದನ, ಅವರು ಪಾಲಿನ ಮಾತು ತಗದ ಕೂಡಲೆ ಈ ಬಳಿ ಒಂದೊಂದ ತಗದು ಅವರ ಮುಂದ ಇಡತೀನಿ. ಅಪ್ಪ ಯಾರ ಕಡೆ, ಅವ್ವ ಯಾರ ಕಡೆ ಅಂತ ಆಮ್ಯಾಲೆ ನನ್ನ ಮಕ್ಕಳು ನನ್ನ ಮಾರಿ ನೋಡಿ ಹೇಳಲಿ.